ಗೊಣಗು ಕೇಳಿಸುವ ಪಂಪು

ನಾನು ಹೆಂಡತಿಗೆ ಎದುರಾಡುವವನಲ್ಲ ಎಂದು ನಮ್ಮ ಬಂಧುಬಳಗದಲ್ಲೆಲ್ಲ ಹೆಸರಾಗಿದೆ. ಪಾಪ, ಬಾಯಿಲ್ಲದ ಮನುಷ್ಯ ಎಂದು ಹೆಂಗಸರು ಮರುಗುತ್ತಾರೆ. ಬೆನ್ನುಮೂಳೆಯಿಲ್ಲದ ಮನುಷ್ಯ ಎಂದು ಗಂಡಸರು ನಗುತ್ತಾರೆ. ಎರಡೂ ಶುದ್ಧ ಸುಳ್ಳು. ಮದುವೆಯಾದ ಲಾಗಾಯ್ತು ಅವಳ ಒಂದೊಂದು ಮಾತಿಗೂ ನಾನು ತಕ್ಕ ಉತ್ತರ ಕೊಟ್ಟಿದ್ದೇನೆ. ಎಂಥೆಂಥ ಉತ್ತರ ಅಂತೀರಿ! ಕೆಲವನ್ನಂತೂ ಕಲ್ಲಿನಲ್ಲಿ ಕೆತ್ತಿಸಿ ಇಡಬಹುದು. ಏನು ಮಾಡುವುದು, ಅವು ಯಾರಿಗೂ ಕೇಳಿಸಲಿಲ್ಲ, ಅಷ್ಟೇ.

ಕೇಳಿಸದಿದ್ದದ್ದಕ್ಕೆ ಕಾರಣ ಅವಳ ಕಂಪ್ಯೂಟರು. ನನ್ನ ಹೆಂಡತಿ ಮನೆಯಲ್ಲೇ ಕೂತು ಕಾರ್ಟೂನ್ ಚಿತ್ರಗಳಿಗೆ ಕೆಲಸ ಮಾಡುತ್ತಾಳೆ. ನರಿ, ಮೊಲ, ಕಪ್ಪೆ ಮುಂತಾದ ಜೀವಾದಿಗಳು ತೆರೆಯ ಮೇಲೆ ಮಾತಾಡುತ್ತವಲ್ಲ, ಆಗ ಧ್ವನಿಗೆ ತಕ್ಕಂತೆ ಅವುಗಳ ತುಟಿ ಆಡಿಸುವುದು ಅವಳ ಕಸುಬು. ಕಪ್ಪೆ ‘ಅಪ್ಪಾ’ ಎಂದರೆ ‘ಪ್ಪ’ ಬರುವಾಗ ತುಟಿ ಕೂಡಬೇಕು, ‘ಆ’ ಬರುವಾಗ ತೆರೆಯಬೇಕು. ಪ ಫ ಬ ಭ ಮ ಎಂಬ ಐದಕ್ಷರ ಸಿಕ್ಕಲ್ಲೆಲ್ಲ ಅವಳು ಕಪ್ಪೆಯ ಬಾಯಿ ಮುಚ್ಚಿಸುತ್ತಾಳೆ. ನನ್ನ ಬಾಯಿ ಮುಚ್ಚಿಸಲು ಅವಳಿಗೆ ಯಾವ ಅಕ್ಷರವೂ ಬೇಕಿಲ್ಲ, ಒಂದು ನೋಟ ಸಾಕು (ಇದನ್ನೂ ನಾನು ಅವಳ ಎದುರಿಗೇ ಹೇಳಿದ್ದೇನೆ, ಗೊಣಗಿ).

ಹೀಗೆ ಬಿಡಿಸಿದ ಚಿತ್ರಗಳನ್ನೆಲ್ಲ ಕೂಡಿಸಿ ಓಡುವ ಸಿನಿಮಾ ಮಾಡಿಕೊಡುವುದು ಕಂಪ್ಯೂಟರಿನ ಪಾಲಿನ ಕೆಲಸ. ಅದು ಘಂಟೆಗಟ್ಟಲೆ ಹಿಡಿಯುವ ಭೀಮಕಾರ್ಯ. ಕಂಪ್ಯೂಟರು ಕಾದು ಕೆಂಡವಾಗುತ್ತದೆ. ಅದನ್ನು ತಣಿಸಲು ಒಳಗಿನ ಫ್ಯಾನುಗಳು ಭರ್ರೋ ಎಂದು ಬೊಬ್ಬಿಡುತ್ತವೆ. ನಡುಮನೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಂತೆ. ಬೇರೆಯವರಾಗಿದ್ದರೆ ತಲೆ ಚಿಟ್ಟು ಹಿಡಿದು ಮನೆ ಬಿಟ್ಟು ಓಡುತ್ತಿದ್ದರು. ನಾನು ಓಡಲಿಲ್ಲ. ಆ ಸದ್ದಿನಲ್ಲೇ ನನ್ನ ಸ್ವಾತಂತ್ರ್ಯ ಅಡಗಿತ್ತು.

ಗೊಣಗುವುದೆಂದರೆ ಏನೋ ಬಾಯಿಗೆ ಬಂದದ್ದು ಅಂದುಬಿಡುವುದು ಎಂದು ನೀವು ತಿಳಿದಿದ್ದರೆ ಅದು ನಿಮ್ಮ ಅಜ್ಞಾನ. ಗೊಣಗುವುದು ಒಂದು ಲಲಿತಕಲೆ. ಮೊದಲು ಮುಖವನ್ನು ಕಿಟಕಿಯ ಕಡೆ ತಿರುಗಿಸಬೇಕು. ಫ್ಯಾನಿನ ಸದ್ದು ಏರುವ ತನಕ ತಾಳ್ಮೆಯಿಂದ ಕಾಯಬೇಕು. ಏರಿದ ಕೂಡಲೇ ಶುರುಮಾಡಿ, ಇಳಿಯುವುದರೊಳಗೆ ಮುಗಿಸಬೇಕು.

“ಒದ್ದೆ ಟವೆಲ್ಲು ಮಂಚದ ಮೇಲೆ ಯಾರು ಹಾಕಿದ್ದು?” ಎಂದು ಅವಳು ಕೇಳುತ್ತಾಳೆ.

“ಮಂಚಕ್ಕೆ ಬಾಯಾರಿಕೆ ಆಗಿತ್ತು, ಕುಡಿಸ್ದೆ” ಎಂದು ನಾನು ಕಿಟಕಿಗೆ ಹೇಳುತ್ತೇನೆ.

“ಏನಂದ್ರಿ?”

“ಈಗ್ಲೇ ತೆಗೀತೀನಿ ಅಂದೆ.”

ಇದು ನಮ್ಮ ದಾಂಪತ್ಯ. ಅವಳಿಗೆ ಆಡಿದ ತೃಪ್ತಿ, ನನಗೆ ತಿರುಗಿ ಆಡಿದ ತೃಪ್ತಿ, ಟವೆಲ್ಲು ಮಾತ್ರ ಹಗ್ಗದ ಮೇಲೆ. ನಮ್ಮ ಜೊತೆಗೇ ಇರುವ ಅತ್ತೆಯವರಿಗೆ ಕಿವಿ ಮಂದ. ಏನು ಹೇಳಿದರೂ “ಹಾಂ?” ಎನ್ನುತ್ತಾರೆ. ಆದ್ದರಿಂದ ಅವರ ಪಾಲಿನ ಉತ್ತರಗಳನ್ನು ನಾನು ಸ್ವಲ್ಪ ದೊಡ್ಡ ದನಿಯಲ್ಲೇ ಗೊಣಗುತ್ತಿದ್ದೆ. ಮನೆಯಲ್ಲಿ ಒಂದು ದಿನವೂ ಜಗಳ ಆದದ್ದಿಲ್ಲ.

ಇಂಥ ಸುಖಸಂಸಾರಕ್ಕೆ ನನ್ನ ಕೈಯಾರೆ ನಾನೇ ನೀರು ಬಿಟ್ಟೆ. ಅಕ್ಷರಶಃ ನೀರೇ.

ನಾನು ಕೆಲಸ ಮಾಡುವುದು ಒಂದು ಪಂಪಿನ ಕಾರ್ಖಾನೆಯಲ್ಲಿ. ಬಾವಿಯ ನೀರು ಟ್ಯಾಂಕಿಗೆ ಏರಿಸುವ ಪಂಪುಗಳನ್ನು ಮುಂದಿನ ಕಟ್ಟಡದಲ್ಲಿ ಮಾಡುತ್ತಾರೆ. ಹಿಂದಿನ ಶೆಡ್ಡಿನಲ್ಲಿ ಚರಂಡಿ ನೀರು ಎತ್ತುವ ದೈತ್ಯ ಪಂಪುಗಳು. ಅವನ್ನು ಅಲ್ಲೇ ಓಡಿಸಿ ಪರೀಕ್ಷೆ ಮಾಡುವುದರಿಂದ ಆ ಶೆಡ್ಡಿಗೆ ಹೋದವನಿಗೆ ಮೂಗಿನಿಂದಲೂ ಕಿವಿಯಿಂದಲೂ ಏಕಕಾಲಕ್ಕೆ ಮುಕ್ತಿ. ನಾನು ಮುಂದಿನ ಕಟ್ಟಡದಲ್ಲಿ, ಮಾರಾಟದ ಮೇಜಿನಲ್ಲಿ ಇದ್ದವನು. ನಮ್ಮ ಮಾಲೀಕರಿಗೆ ನಾವು ಇಟ್ಟ ಹೆಸರು ಬಾಯ್ಲರ್. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ದಿನ ಬಾಯ್ಲರ್ ನನ್ನನ್ನು ಕರೆದು ಮೇಜಿನ ಮೇಲೆ ಮುಷ್ಟಿಯಷ್ಟು ದೊಡ್ಡ ಒಂದು ಕರಿಯ ಡಬ್ಬಿ ಇಟ್ಟರು.

“ಏನಿದು ಹೇಳಿ ನೋಡೋಣ?”

“ಪೆನ್ಸಿಲ್ ಚೂಪು ಮಾಡೋದಾ ಸಾರ್?”

“ಪಂಪು ಕಣ್ರೀ! ಕಂಪ್ಯೂಟರ್ ತಂಪು ಮಾಡೋ ನೀರಿನ ಪಂಪು. ಇಡೀ ಕಾರ್ಖಾನೆಯ ಮುಂದಿನ ಬದುಕು ಇದರಲ್ಲಿದೆ!”

ವಿಷಯ ಇಷ್ಟೇ. ಕಂಪ್ಯೂಟರಿನ ಮಿದುಳು ಎನ್ನುವಂಥ ಚಿಪ್ಪಿನ ಮೇಲೆ ಒಂದು ಲೋಹದ ಬಿಲ್ಲೆ ಕೂರಿಸುತ್ತಾರೆ. ಈ ಪಂಪು ಅದರೊಳಗೆ ನೀರು ಹಾಯಿಸುತ್ತದೆ. ನೀರು ಬಿಸಿಯನ್ನು ಹೊತ್ತುಕೊಂಡು ಕೊಳವೆಯಲ್ಲಿ ಹೋಗಿ, ಪಕ್ಕದ ಜಾಲರಿಯಲ್ಲಿ ಮೈ ಆರಿಸಿಕೊಂಡು, ಮತ್ತೆ ಹೊರೆ ಹೊರಲು ವಾಪಸು ಬರುತ್ತದೆ. ನಮ್ಮ ಎಂಜಿನಿಯರು ಇದನ್ನು ಬಹಳ ಶಕ್ತಿಶಾಲಿಯಾಗಿಯೂ ಬಹಳ ನಯವಾಗಿಯೂ ಮಾಡಿದ್ದರು. ಬೇರೆ ಫ್ಯಾನುಗಳ ಕೂಗಾಟವೇ ಬೇಕಾಗಿರಲಿಲ್ಲ.

“ಇದಕ್ಕೆ ಮಾರ್ಕೆಟ್ಟಲ್ಲಿ ಬೇಡಿಕೆ ಎಷ್ಟಿದೆ ಅಂತ ತಿಳ್ಕೊಂಡು ಬನ್ನಿ” ಎಂದರು ಬಾಯ್ಲರ್. “ಬೇಡಿಕೆ ಇದ್ರೆ ಹೊಸ ವಿಭಾಗ ತೆಗೀತೀನಿ, ನೀವೇ ಮುಖ್ಯಸ್ಥರು. ಇಲ್ಲಾ ಅಂದ್ರೆ ನಿಮ್ಮನ್ನ ಮಾರಾಟದಲ್ಲಿ ಇಟ್ಕೊಂಡು ಏನು ಪ್ರಯೋಜನ? ಹಿಂದಿನ ಶೆಡ್ಡಲ್ಲಿ ಒಬ್ಬರು ಬೇಕಂತೆ.”

ಮುಖ್ಯಸ್ಥ! ನನ್ನ ಜೀವಮಾನದಲ್ಲಿ ನಾನು ಯಾವುದಕ್ಕೂ ಮುಖ್ಯಸ್ಥನಾಗಿರಲಿಲ್ಲ. ಮನೆಯ ವಿಳಾಸದಲ್ಲಿ ಕೂಡ ಹೆಂಡತಿಯ ಹೆಸರಿನ ಕೆಳಗೆ ನನ್ನದು. ಒಂದು ಕಡೆ ತಿರುಗುವ ಕುರ್ಚಿ, ಇನ್ನೊಂದು ಕಡೆ ಚರಂಡಿ. ನಡುವೆ ನಿಂತದ್ದು ಬೇಡಿಕೆ.

ನಾನು ಪಂಪನ್ನು ಚೀಲಕ್ಕೆ ಹಾಕಿಕೊಂಡು ಬೇಡಿಕೆಯ ದಿಗ್ವಿಜಯಕ್ಕೆ ಹೊರಟೆ. ಮೊದಲು ಹೊಕ್ಕಿದ್ದು ಒಂದು ಕಂಪ್ಯೂಟರ್ ಅಂಗಡಿ. ಅಂಗಡಿಯಾತ ಪಂಪನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಪಂಪನ್ನು ನೋಡಿದ.

“ಕಂಪ್ಯೂಟರ್ ಹತ್ರ ಒಂದು ಲೋಟ ನೀರಿಟ್ರೆ ಗಿರಾಕಿಗಳಿಗೆ ಬೈತೀನಿ ನಾನು. ನೀವು ಒಳಗೇ ಬಿಡಿ ಅಂತೀರಲ್ಲ! ಬೇಡ ಸ್ವಾಮಿ.”

ಅಲ್ಲಿಂದ ಒಂದು ಲೆಕ್ಕಪತ್ರದ ಕಚೇರಿ. ಅಲ್ಲಿನ ಗುಮಾಸ್ತರು ಬಾಯಿಗೆ ಕೈ ಅಡ್ಡ ಇಟ್ಟು ಆಕಳಿಸಿ ಹೇಳಿದರು: “ನಮ್ಮ ಕಂಪ್ಯೂಟರ್ ಬಿಸಿ ಆಗೋಷ್ಟು ಕೆಲಸ ಯಾರು ಮಾಡ್ತಾರೆ ಇಲ್ಲಿ? ಬೇಡ.” ಆಮೇಲೆ ಒಂದು ಆಟದ ಕೇಂದ್ರ. ಅಲ್ಲಿ ಹುಡುಗರು ಪರದೆಯ ಮೇಲೆ ಒಬ್ಬರನ್ನೊಬ್ಬರು ಸುಡುತ್ತ ಕೂತಿದ್ದರು. ಅದರ ಯಜಮಾನ, “ಸದ್ದೇ ಬರಲ್ವಾ? ಸದ್ದು ಬಂದ್ರೇನೇ ಸಾರ್, ಕಂಪ್ಯೂಟರಿಗೆ ದಮ್ಮಿದೆ ಅನ್ಸೋದು. ಬೇಡ” ಎಂದ.

ಅಂಗಡಿ ಅಂಗಡಿ ಅಲೆದು ಚಪ್ಪಲಿ ಸವೆಸಿದ ಮೇಲೆ ಭಾಷಾಶಾಸ್ತ್ರದಲ್ಲಿ ನನಗೊಂದು ಜ್ಞಾನೋದಯವಾಯಿತು. ಬೇಡಿಕೆ ಎಂಬ ಪದ ಎಲ್ಲಿಂದ ಬಂತು ಎಂದು ಪಂಡಿತರು ಏನಾದರೂ ಹೇಳಲಿ. ಬೇಡ ಎಂದವರ ಎಣಿಕೆಯೇ ಬೇಡಿಕೆ. ಆ ಅರ್ಥದಲ್ಲಿ ನಮ್ಮ ಪಂಪಿಗೆ ಭಾರೀ ಬೇಡಿಕೆ ಇತ್ತು. ಇದನ್ನು ಬಾಯ್ಲರ್‌ಗೆ ಹೇಳಿದರೆ ಉಗಿ ಎಲ್ಲಿಂದ ಬರುತ್ತದೆ ಎಂಬುದೂ ನನಗೆ ಗೊತ್ತಿತ್ತು.

ಸೋತು ಸುಣ್ಣವಾಗಿ ಮನೆಗೆ ಬಂದು ಬಾಗಿಲು ತೆರೆದೆ. ಬಿಸಿಗಾಳಿ ಮುಖಕ್ಕೆ ರಾಚಿತು. ಭರ್ರೋ! ನಡುಮನೆಯಲ್ಲಿ ಹೆಂಡತಿ, ಅವಳ ಪಕ್ಕದಲ್ಲಿ ಕಾದು ಕೂತ ಕಂಪ್ಯೂಟರು. ಆಗ ನನ್ನ ತಲೆಯಲ್ಲಿ ಬಲ್ಬು ಹೊತ್ತಿತು. ಊರೆಲ್ಲ ಹುಡುಕಿದ ಬಿಸಿ ನನ್ನ ಮನೆಯಲ್ಲೇ ಇದೆ! ಪಂಪನ್ನು ಇಲ್ಲೇ ಕೂರಿಸಿ, ಬಾಯ್ಲರನ್ನು ಮನೆಗೇ ಕರೆದು, ಕೆಂಡದಂಥ ಯಂತ್ರ ಹೇಗೆ ತಣ್ಣಗಾಗುತ್ತದೆಂದು ಕಣ್ಣಾರೆ ತೋರಿಸಿದರೆ ಅವರೇ ಬೇಡಿಕೆ ಇದೆ ಎಂದು ಒಪ್ಪಿಕೊಳ್ಳುತ್ತಾರೆ. ತಿರುಗುವ ಕುರ್ಚಿ ನನ್ನದು!

ನಾನು ಬಿಸಿಯ ಬಗ್ಗೆ ಯೋಚಿಸಿದೆ. ಸದ್ದಿನ ಬಗ್ಗೆ ಯೋಚಿಸಲಿಲ್ಲ. ಆಟದ ಕೇಂದ್ರದ ಯಜಮಾನ ಬಾಯಿಬಿಟ್ಟು ಹೇಳಿದ್ದರೂ ನನ್ನ ಮಂಡೆಗೆ ಹೊಳೆಯಲಿಲ್ಲ. ದೇವರು ಕೆಡಿಸಬೇಕೆಂದು ಹೊರಟರೆ ಮೊದಲು ಮಾರಾಟದವರನ್ನೇ ಹಿಡಿಯುತ್ತಾನೆ.

ಹೆಂಡತಿ ಸುಲಭಕ್ಕೆ ಒಪ್ಪಲಿಲ್ಲ.

“ನನ್ನ ಕಂಪ್ಯೂಟರ್ ಒಳಗೆ ನೀರಾ? ನಿಮ್ಮ ತಲೆ ಒಳಗೆ ಏನಿದೆ?”

“ಇದು ವಿಜ್ಞಾನ ಕಣೇ!”

“ಮೊನ್ನೆ ಅಡುಗೆಮನೆ ನಲ್ಲಿಗೆ ವಾಷರ್ ಹಾಕ್ತೀನಿ ಅಂತ ಹೋಗಿ ಕೆಳಗಿನ ಮನೆಯವರ ಚಾವಣಿ ಸೋರಿಸಿದ್ರಲ್ಲ, ಅದೂ ವಿಜ್ಞಾನಾನೇ?”

“ಆ ವಾಷರ್ರೇ ಸರಿ ಇರ್ಲಿಲ್ಲ, ನಿನ್ನ ಥರ” ಎಂದು ಕಿಟಕಿಗೆ ಹೇಳಿ, ಅವಳ ಕಡೆ ತಿರುಗಿ, “ಈ ಸಲ ಎಂಜಿನಿಯರ್ರೇ ಬಂದು ಕೂರಿಸಿಕೊಡ್ತಾರೆ” ಎಂದೆ. ತಿರುಗುವ ಕುರ್ಚಿಯ ವಿಷಯವನ್ನೂ ಹೇಳಿದೆ. ಹಿಂದಿನ ಶೆಡ್ಡಿಗೆ ಹೋದರೆ ದಿನಾ ಸಂಜೆ ಯಾವ ವಾಸನೆ ಹೊತ್ತು ಮನೆಗೆ ಬರುತ್ತೇನೆ ಎಂಬುದನ್ನು ವಿವರಿಸಿದೆ. ಅವಳು ಒಪ್ಪಿದಳು.

ಎಂಜಿನಿಯರು ಬಂದು ಬಿಲ್ಲೆ, ಕೊಳವೆ, ಜಾಲರಿ, ಪಂಪು ಎಲ್ಲವನ್ನೂ ಕೂರಿಸಿದರು. ಕೊಳವೆಯಲ್ಲಿ ನೀರು ತುಂಬಿಸಿದಾಗ ಗಾಳಿಯ ಗುಳ್ಳೆ ಸಿಕ್ಕಿಕೊಂಡು ಗೊಳಗೊಳ ಎಂದಿತು. ಆಗ ಅವರು ಕಂಪ್ಯೂಟರನ್ನು ಎರಡೂ ಕೈಯಲ್ಲಿ ಎತ್ತಿ ಅತ್ತ ಓರೆ ಮಾಡಿ ಇತ್ತ ಓರೆ ಮಾಡಿ, ಹಾಲು ಕುಡಿದ ಮಗುವಿಗೆ ಬೆನ್ನು ತಟ್ಟಿ ತೇಗು ಬರಿಸುವಂತೆ ಗಾಳಿ ಹೊರಡಿಸಿದರು. “ಆಯ್ತು. ಇನ್ನು ಮಾಲೀಕರ ಎದುರಿಗೇ ಶುರುಮಾಡಿ” ಎಂದು ಹೇಳಿ, ಮಾಲೀಕರ ಎದುರಿಗೆ ತಾವಿರುವುದು ಕ್ಷೇಮವಲ್ಲವೆಂದೋ ಏನೋ ಹೊರಟುಹೋದರು.

ಬಾಯ್ಲರ್ ಬಂದರು. ಅತ್ತೆಯವರು ಚಹಾ ತಂದಿಟ್ಟರು. ನನ್ನ ಹೆಂಡತಿ ಕಂಪ್ಯೂಟರಿಗೆ ಕೊಡಬಹುದಾದ ಅತ್ಯಂತ ಕಷ್ಟದ ಕೆಲಸ ಕೊಟ್ಟಳು. ಕಾಡಿನ ಪ್ರಾಣಿಗಳ ಮಹಾಸಭೆ. ಅದರಲ್ಲಿ ಎಲ್ಲ ಪ್ರಾಣಿಗಳೂ ಒಟ್ಟಿಗೇ ಬಾಯಿ ಮಾಡುತ್ತವೆ. ಮಾಮೂಲಿನಂತೆ ಆಗಿದ್ದರೆ ಫ್ಯಾನುಗಳ ಅಬ್ಬರಕ್ಕೆ ಚಾವಣಿ ಹಾರಬೇಕಿತ್ತು. ಅವಳು ಗುಂಡಿ ಒತ್ತಿ ಕೈ ಕಟ್ಟಿ ಕೂತಳು.

ಆಗ ಮೂವರೂ ಒಟ್ಟಿಗೇ ನನ್ನ ಮೇಲೆ ಬಿದ್ದರು.

“ಎಲ್ರೀ, ಶುರುವೇ ಆಗಿಲ್ವಲ್ಲ! ನಿಮ್ಮ ಮಾತು ನಂಬಿ ಇಷ್ಟು ದೂರ ಬಂದ್ನಲ್ಲ!” ಎಂದರು ಬಾಯ್ಲರ್.

“ಮಾಲೀಕರು ನಿಂತಿದ್ದಾರೆ, ಆ ಕುರ್ಚಿ ಮೇಲಿನ ಬಟ್ಟೆ ತೆಗೀಬಾರ್ದಾ?” ಎಂದಳು ಹೆಂಡತಿ.

“ಚಹಾ ಆರ್ತಾ ಇದೆ, ಕೊಡಬಾರ್ದಾ?” ಎಂದರು ಅತ್ತೆ.

ಎಷ್ಟೋ ವರ್ಷಗಳ ಅಭ್ಯಾಸ. ಕುತ್ತಿಗೆ ತನ್ನಷ್ಟಕ್ಕೆ ಕಿಟಕಿಯ ಕಡೆ ತಿರುಗಿತು. ಮೂರು ಜನಕ್ಕೂ ಸೇರಿಸಿ ಒಂದೇ ಉಸಿರಿಗೆ ಗೊಣಗಿದೆ: “ಬಂತಪ್ಪ ಬಾಯ್ಲರ್ರು, ಇನ್ನು ಉಗಿ ಬಿಡೋದೊಂದು ಬಾಕಿ. ಬಟ್ಟೆ ತೆಗೆಯೋಕೆ ಆಳು ನಾನಿದ್ದೀನಲ್ಲ, ಮಹಾರಾಣಿಯವರು ಸಿಂಹಾಸನ ಬಿಟ್ಟು ಇಳೀಬೇಡಿ. ಇನ್ನು ಆ ಚಹಾ. ಆರಿದ್ರೂ ಅಷ್ಟೇ, ಕಾದಿದ್ರೂ ಅಷ್ಟೇ. ಮಾಡಿದವರ ಕಿವಿ ಥರಾನೇ ಚಹಾನೂ ಮಂದ.”

ಹಗುರಾದ ಮನಸ್ಸಿನಿಂದ ಇತ್ತ ತಿರುಗಿದೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಗೋಡೆ ಗಡಿಯಾರ ಟಿಕ್ ಎಂದಿತು. ನಮ್ಮ ಗಡಿಯಾರಕ್ಕೆ ಸದ್ದಿದೆ ಎಂಬುದೇ ನನಗೆ ಆವತ್ತಿನ ತನಕ ಗೊತ್ತಿರಲಿಲ್ಲ. ಮೂರು ಜೊತೆ ಕಣ್ಣುಗಳು ನನ್ನನ್ನು ನೋಡುತ್ತಿದ್ದವು.

ಮೊದಲು ಬಾಯಿ ತೆರೆದವರು ಅತ್ತೆ. “ಹಾಂ?” ಎನ್ನಲಿಲ್ಲ.

“ನನ್ನ ಕಿವಿ ನೆಟ್ಟಗೇ ಇದೆ, ಅಳಿಯಂದ್ರೇ. ಈ ಗಿರಣಿ ಸದ್ದಿಗೆ ನನಗೇನೂ ಕೇಳಿಸ್ತಾ ಇರ್ಲಿಲ್ಲ ಅಷ್ಟೇ. ಚಹಾ ಬಗ್ಗೆ ಏನೋ ಅಂದ್ರಿ, ಇನ್ನೊಂದು ಸಲ ಹೇಳಿ.”

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಬಾಯ್ಲರ್ ಅವರ ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ಕೆಂಪು ಕುತ್ತಿಗೆಯಿಂದ ಕೆಳಗಿಳಿಯಿತು. ಹಿಂದಿನ ಶೆಡ್ಡು ನನ್ನನ್ನು ಕೈಬೀಸಿ ಕರೆಯಿತು. ಇನ್ನೇನು ಸಿಡಿಯಬೇಕು, ಅಷ್ಟರಲ್ಲಿ ಅವರ ಕಣ್ಣು ಪರದೆಯ ಮೇಲೆ ಬಿತ್ತು. ಮಹಾಸಭೆ ಭರದಿಂದ ನಡೆಯುತ್ತಿತ್ತು. ಆನೆ, ನರಿ, ಕಪ್ಪೆ ಎಲ್ಲ ಸದ್ದಿಲ್ಲದೆ ಬಾಯಿ ಬಡಿಯುತ್ತಿದ್ದವು. ಬಾಯ್ಲರ್ ಓಡಿಹೋಗಿ ಕಂಪ್ಯೂಟರಿಗೆ ಕಿವಿ ಹಚ್ಚಿದರು. ಅಂಗೈ ಇಟ್ಟು ನೋಡಿದರು. ತಣ್ಣಗಿತ್ತು.

“ಓಡ್ತಾ ಇದೆ!” ಎಂದು ಪಿಸುಗುಟ್ಟಿದರು. “ಓಡ್ತಾ ಇದ್ರೂ ಇಷ್ಟು ಸಣ್ಣ ಗೊಣಗು ಇಷ್ಟು ಸ್ಪಷ್ಟವಾಗಿ ಕೇಳಿಸ್ತಲ್ಲ! ಏನ್ರೀ ಪಂಪು ಇದು! ಇನ್ನೊಂದು ಸಲ ಗೊಣಗಿ.”

“ಸಾರ್?”

“ಗೊಣಗ್ರೀ! ನನ್ನ ಬಗ್ಗೇನೇ ಗೊಣಗಿ, ಪರವಾಗಿಲ್ಲ. ಇದು ಪರೀಕ್ಷೆ. ನಾನು ಬಾಗಿಲ ಹತ್ರ ಹೋಗಿ ನಿಲ್ತೀನಿ.”

ಅವರು ಬಾಗಿಲ ಹತ್ತಿರ ಹೋಗಿ ನಿಂತರು, ನಾನು ಗೊಣಗಿದೆ. ಮೆಟ್ಟಿಲ ಮೇಲೆ ನಿಂತರು, ಗೊಣಗಿದೆ. “ಕೇಳಿಸ್ತು! ‘ಜುಗ್ಗ’ ಅಂದ್ರಿ!” ಎಂದು ಮೆಟ್ಟಿಲಿನಿಂದಲೇ ಆನಂದದಿಂದ ಕೂಗಿದರು. ಮಾಲೀಕನನ್ನು ಬೈದು ಶಭಾಸ್ ಎನಿಸಿಕೊಂಡ ಗುಲಾಮ ಈ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು.

ಅಷ್ಟರಲ್ಲಿ ನನ್ನ ಹೆಂಡತಿ ಎದ್ದು ಬಂದಳು.

“ಸಾರ್, ಈ ಪಂಪು ನನಗೆ ಬೇಕು. ನನ್ನ ಗೆಳತಿಯರಿಗೆಲ್ಲ ಬೇಕಾಗುತ್ತೆ.”

ಅಬ್ಬಾ, ಬೇಕು! ಆ ಮಾತು ಕೇಳಲು ನಾನು ಊರೆಲ್ಲ ಅಲೆದಿದ್ದೆ. ಅವಳ ಗೆಳತಿಯರು ಎಂದರೆ ಅವಳ ಹಾಗೇ ಮನೆಯಲ್ಲಿ ಕೂತು ನರಿ ಮೊಲ ಆಡಿಸುವವರು. ಒಬ್ಬೊಬ್ಬರ ನಡುಮನೆಯಲ್ಲೂ ಒಂದೊಂದು ಗಿರಣಿ. ಗಿರಣಿಯ ಪಕ್ಕದಲ್ಲಿ ಒಬ್ಬೊಬ್ಬ ಗಂಡ. ಅವಳು ಅಲ್ಲೇ ಫೋನು ತೆಗೆದು ಮೊದಲನೆಯವಳಿಗೆ ಹೇಳಿದಳು:

“ನಿಮ್ಮ ಮನೆಯವರು ಆ ಕಡೆ ತಿರುಗಿ ಏನೋ ಅಂತಾರಲ್ಲ, ‘ಏನಂದ್ರಿ’ ಅಂದ್ರೆ ‘ಏನಿಲ್ಲ’ ಅಂತಾರಲ್ಲ, ಅದು ಏನು ಅಂತ ತಿಳ್ಕೋಬೇಕಾ?”

ಮುಗಿಯಿತು. ಬೆಂಕಿ ಹತ್ತಿಕೊಂಡಂತೆ ಬೇಡಿಕೆ ಹತ್ತಿಕೊಂಡಿತು. ಕಂಪ್ಯೂಟರು ತಣ್ಣಗಿರುತ್ತದೋ ಬಿಸಿಯಾಗಿರುತ್ತದೋ ಎಂದು ಒಬ್ಬಳೂ ಕೇಳಲಿಲ್ಲ. “ನಿಜವಾಗ್ಲೂ ಕೇಳಿಸುತ್ತಾ?” ಎಂದಷ್ಟೇ ಕೇಳಿದರು. ಗೆಳತಿಯರು ಅಕ್ಕತಂಗಿಯರಿಗೆ ಹೇಳಿದರು, ಅಕ್ಕತಂಗಿಯರು ಓರಗಿತ್ತಿಯರಿಗೆ ಹೇಳಿದರು. ಮನೆಯಲ್ಲಿ ಕಂಪ್ಯೂಟರೇ ಇಲ್ಲದ ಒಬ್ಬ ಮಹಾತಾಯಿ ಬರೀ ಪಂಪು ಕೊಡಿ ಎಂದು ಬಂದಳು. ಬೇಡ ಎಂದಿದ್ದ ಅಂಗಡಿಯಾತ ಕಾರ್ಖಾನೆಯ ಬಾಗಿಲಲ್ಲಿ ಬಂದು ಕೂತ. ಬಾಯ್ಲರ್ ಖುಷಿಯಲ್ಲಿ ಕುದಿದರು. ಅವರು ಖುಷಿಯಲ್ಲೂ ಕುದಿಯುತ್ತಾರೆ ಎಂದು ಆಗ ಗೊತ್ತಾಯಿತು.

ಹೊಸ ವಿಭಾಗ ತೆರೆದರು. ತಿರುಗುವ ಕುರ್ಚಿ ಬಂತು. ಹೊಸ ಅಂಗಿ ಹಾಕಿಕೊಂಡು, ಕುರ್ಚಿ ಎಷ್ಟು ಸುತ್ತು ತಿರುಗುತ್ತದೆಂದು ನೋಡಲು ಹೋದೆ. ಅದರಲ್ಲಿ ನನ್ನ ಹೆಂಡತಿ ಕೂತಿದ್ದಳು.

“ಬೇಡಿಕೆ ಹುಟ್ಟಿಸಿದವರೇ ಮುಖ್ಯಸ್ಥರು” ಎಂದರು ಬಾಯ್ಲರ್. “ನ್ಯಾಯ ಅಲ್ವಾ? ನೀವು ಬೇಜಾರು ಮಾಡ್ಕೋಬೇಡಿ. ನಿಮಗೂ ದೊಡ್ಡ ಕೆಲಸ ಇಟ್ಟಿದ್ದೀನಿ. ನೀವಿಲ್ದೆ ಈ ಪಂಪೇ ಮಾರಾಟ ಆಗಲ್ಲ.”

ದೊಡ್ಡ ಕೆಲಸ ಏನೆಂದರೆ ಪ್ರಾತ್ಯಕ್ಷಿಕೆ. ಅಂದರೆ, ಅಂಗಡಿ ಅಂಗಡಿಗೆ ಹೋಗಿ, ಪಂಪು ಕೂರಿಸಿದ ಕಂಪ್ಯೂಟರಿನ ಪಕ್ಕ ನಿಂತು, ನೆರೆದ ಮಹಾಜನರ ಎದುರು ಗೊಣಗುವುದು. ನಾನು ಕಾರ್ಖಾನೆಯ ಅಧಿಕೃತ ಗೊಣಗ. ಮುಖ್ಯಸ್ಥೆಯವರು ಎದುರು ಸಾಲಿನಲ್ಲಿ ಕೂತು ನಿರ್ದೇಶನ ಕೊಡುತ್ತಿದ್ದರು.

“ಜೋರಾಯ್ತು. ಭಾಷಣ ಮಾಡ್ಬೇಡಿ. ಮನೇಲಿ ಗೊಣಗ್ತೀರಲ್ಲ, ಹಾಗೇ ಗೊಣಗಿ. ಸಹಜವಾಗಿ ಬರ್ಲಿ.”

“ಇವಳೊಬ್ಬಳು ನಿರ್ದೇಶಕಿ. ಕಪ್ಪೆ ಆಡಿಸಿ ಆಡಿಸಿ ನನ್ನನ್ನೂ ಕಪ್ಪೆ ಮಾಡಿದಳು” ಎಂದು ಬೇಸತ್ತು ಗೊಣಗಿದೆ.

“ಹಾಂ, ಇದು! ಇದು ಸಹಜ!” ಎಂದಳು ಅವಳು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಅಲ್ಲೇ ಪಂಪು ಖಾಲಿಯಾಯಿತು.

ನಮ್ಮ ರಸ್ತೆಯ ಗಂಡಸರು ನನ್ನನ್ನು ಕಂಡರೆ ಮುಖ ತಿರುಗಿಸತೊಡಗಿದರು. ಒಂದು ಸಂಜೆ ಅವರಲ್ಲಿ ಕೆಲವರು ಮೂಲೆಯ ಪಾರ್ಕಿನಲ್ಲಿ ನನ್ನನ್ನು ಅಡ್ಡಗಟ್ಟಿದರು. ಅವರಲ್ಲೊಬ್ಬ ಹಲ್ಲಿನ ವೈದ್ಯ. ಊರವರ ಬಾಯಿ ನೋಡಿ ಹೊಟ್ಟೆ ಹೊರೆಯುವವನು ತನ್ನ ಬಾಯಿಂದಲೇ ಕೆಟ್ಟಿದ್ದ.

“ನಮ್ಮ ಮನೇಲಿ ಶಾಂತಿ ಇತ್ತು ಕಣಯ್ಯಾ” ಎಂದ ಅವನು. “ಈಗ ನಿಶ್ಶಬ್ದ ಇದೆ, ಶಾಂತಿ ಇಲ್ಲ. ನಿಮ್ಮ ಕಾರ್ಖಾನೇಲಿ ಸದ್ದು ಮಾಡೋ ಪಂಪು ಮಾಡಲ್ವಾ? ಎಷ್ಟು ಸದ್ದು ಮಾಡಿದ್ರೂ ಪರವಾಗಿಲ್ಲ, ನಾವೆಲ್ಲ ತಗೋತೀವಿ.”

ಅದೂ ಒಂದು ಬೇಡಿಕೆಯೇ ಎಂದು ನಾನು ಕಾರ್ಖಾನೆಯಲ್ಲಿ ವರದಿ ಮಾಡಿದೆ. ಮುಖ್ಯಸ್ಥೆಯವರು ಒಪ್ಪಲಿಲ್ಲ.

ಮನೆಯ ಕಥೆ ಕೇಳಬೇಡಿ. ಗಡಿಯಾರ ಟಿಕ್ ಟಿಕ್, ನಲ್ಲಿ ತೊಟ್ ತೊಟ್, ನಡುವೆ ನಾನು ಮೂಕಬಸವ. ಅತ್ತೆಯವರ ಕಿವಿಯಂತೂ ಹದ್ದಿನ ಕಣ್ಣು. ಚಹಾ ಕುಡಿದು ನಾನು ನಿಟ್ಟುಸಿರು ಬಿಟ್ಟರೆ ಒಳಗಿನಿಂದ “ಯಾಕೆ, ಮಂದ ಆಯ್ತಾ?” ಎಂದು ಕೇಳುತ್ತಾರೆ. ಆಡದೆ ಉಳಿದ ಉತ್ತರಗಳು ನನ್ನ ಗಂಟಲಲ್ಲಿ ಸಾಲುಗಟ್ಟಿ ನಿಂತವು. ಎಂಥೆಂಥ ಮುತ್ತುಗಳು! ಅನ್ನ ಇಳಿಯಲಿಲ್ಲ, ನಿದ್ದೆ ಹತ್ತಲಿಲ್ಲ. ಕೊನೆಗೆ ಬಾಯ್ಲರ್ ಅವರ ಕೋಣೆಗೆ ಹೋಗಿ ಕೈಮುಗಿದು ನಿಂತೆ.

“ಸಾರ್, ನನ್ನನ್ನ ಹಿಂದಿನ ಶೆಡ್ಡಿಗೆ ಹಾಕಿ.”

“ಚರಂಡಿ ಪಂ‍ಪಿಗಾ? ಅಲ್ಲಿ ಸದ್ದು ಅಂದ್ರೆ ಸದ್ದು ಕಣ್ರೀ. ನಿಮ್ಮ ಮಾತು ನಿಮಗೇ ಕೇಳಿಸಲ್ಲ!”

“ಅದಕ್ಕೇ ಸಾರ್.”

ಹೀಗೆ, ಯಾವುದಕ್ಕೆ ಹೆದರಿ ಊರೆಲ್ಲ ಅಲೆದಿದ್ದೆನೋ ಅಲ್ಲಿಗೆ ನಾನೇ ಕಾಲಿಗೆ ಬಿದ್ದು ಸೇರಿದೆ. ಆಹಾ, ಆ ಶೆಡ್ಡು! ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ದೈತ್ಯ ಪಂಪುಗಳು ಗುಡುಗುತ್ತವೆ. ನೆಲ ನಡುಗುತ್ತದೆ, ಅಂಗಿಯ ಗುಂಡಿ ನಡುಗುತ್ತದೆ. ನಮ್ಮ ಮನೆಯ ಹಳೆಯ ಗಿರಣಿ ಇದರ ಮುಂದೆ ಜೋಗುಳ. ವಾಸನೆಗೆ ಮೂಗು ತಾನಾಗಿ ಒಗ್ಗಿಕೊಂಡಿತು. ಅಲ್ಲಿನ ಕೆಲಸಗಾರರು ಮಾತ್ರ ಸ್ವಲ್ಪ ವಿಚಿತ್ರ. ಸದಾ ಏನೋ ಅಗಿಯುವವರಂತೆ ದೂರ ದೂರ ನಿಂತು ಬಾಯಾಡಿಸುತ್ತಾರೆ, ಆಗಾಗ ಸುಮ್ಮಸುಮ್ಮನೆ ನಗುತ್ತಾರೆ. ನನಗೇನು? ನಾನು ಬಾಯ್ತುಂಬ ಗೊಣಗಿದೆ. ಕಿಟಕಿಯ ಕಡೆ ತಿರುಗುವ ಗೋಜೂ ಇರಲಿಲ್ಲ. ನಡುವೆ ಎದೆಸೆಟೆಸಿ ನಿಂತು, ಗಂಟಲಲ್ಲಿ ಸಾಲುಗಟ್ಟಿದ್ದವನ್ನೆಲ್ಲ ಒಂದೊಂದಾಗಿ ಹೊರಗೆ ಬಿಟ್ಟೆ. ಮುಖಕ್ಕೆ ಕಳೆ ಬಂತು. ತೂಕ ಏರಿತು.

ಒಂದು ದಿನ ಮುಖ್ಯಸ್ಥೆಯವರು ಶೆಡ್ಡಿಗೆ ಬಂದರು. ಬೇಡಿಕೆ ಹೆಚ್ಚಾಗಿ ಹೊಸ ವಿಭಾಗಕ್ಕೆ ಜಾಗ ಸಾಲದೆ, ಇಲ್ಲಿ ಎಷ್ಟು ಜಾಗ ಸಿಗುತ್ತದೆಂದು ನೋಡಲು ಬಂದದ್ದು. ಆ ತುದಿಯಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದಳು. ಈ ತುದಿಯಲ್ಲಿ ನಾನು. ನಡುವೆ ಗುಡುಗುವ ಪಂಪುಗಳ ಸೈನ್ಯ. ಇಂಥ ಅವಕಾಶ ಯಾವ ಗಂಡನಿಗೆ ಸಿಕ್ಕೀತು? ಅವಳ ಮುಖವನ್ನೇ ದಿಟ್ಟಿಸಿ, ನಗುನಗುತ್ತಾ ಶುರುಮಾಡಿದೆ:

“ಬನ್ನಿ ಮಹಾರಾಣಿ! ನನ್ನ ಕುರ್ಚಿ ನುಂಗಿದ್ದಾಯ್ತು, ಈಗ ಶೆಡ್ಡೂ ಬೇಕಾ? ಕುರ್ಚಿ ತಿರುಗುತ್ತೆ ಅಂತ ತಲೇನೂ ತಿರುಗ್ಬೇಕಾ? ಮಗಳು ಬಾಯಿ, ತಾಯಿ ಕಿವಿ, ನಡುವೆ ನಾನೊಬ್ಬ ಅಂಡೆಪಿರ್ಕಿ…”

ಅವಳು ಕರವಸ್ತ್ರ ಮಡಚಿದಳು. ಪಂಪುಗಳ ನಡುವೆ ನಿಧಾನವಾಗಿ ನಡೆದು ಬಂದಳು. ನನ್ನ ಕಿವಿಗೆ ಬಾಯಿಟ್ಟು ಕೂಗಿದಳು:

“ಅಂಡೆಪಿರ್ಕಿ ಅಂತ ನೀವೇ ಒಪ್ಕೊಂಡಿದ್ದು! ನಾನು ಹೇಳಿದ್ದಲ್ಲ!”

ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು (ಬಿದ್ದ ಸದ್ದು ಕೇಳಿಸಲಿಲ್ಲ).

“ನಿನಗೆ ಹೇಗೆ ಕೇಳಿಸ್ತು?” ಎಂದು ಕೂಗಿದೆ.

“ಕೇಳಿಸ್ಲಿಲ್ಲ! ಕಾಣಿಸ್ತು! ನನ್ನ ಕಸುಬು ಏನು ಅಂದ್ಕೊಂಡಿದ್ದೀರಿ?”

ಕಪ್ಪೆಯ ತುಟಿ ಆಡಿಸುವವಳಿಗೆ ಗಂಡನ ತುಟಿ ಓದುವುದು ಯಾವ ಲೆಕ್ಕ!

“ಹಾಗಾದ್ರೆ ಇಷ್ಟು ವರ್ಷ…”

“ಕಿಟಕಿಗೆ ಗಾಜು ಇತ್ತಲ್ಲ, ಅದರಲ್ಲಿ ನಿಮ್ಮ ತುಟಿ ಕಾಣ್ತಿತ್ತು! ಎಲ್ಲಾ ಗೊತ್ತು! ಮಂಚಕ್ಕೆ ಬಾಯಾರಿಕೆ ಆಗಿದ್ದೂ ಗೊತ್ತು!”

“ಮತ್ಯಾಕೆ ಸುಮ್ನಿದ್ದೆ?”

“ಕೇಳಿಸಿದ್ರೆ ತಾನೇ ಜಗಳ ಆಡ್ಬೇಕು! ಬರೀ ಕಾಣಿಸಿದ್ದಕ್ಕೆ ಯಾರು ಆಡ್ತಾರೆ? ಅಲ್ದೆ, ಕೆಲವು ಚೆನ್ನಾಗಿರ್ತಿತ್ತು! ಕಪ್ಪೆ ಬಾಯಿಗೆ ಹಾಕ್ಕೊಂಡಿದ್ದೀನಿ!”

ಇಷ್ಟು ಕೂಗಿ, ನನ್ನ ಅಂಗಿಯ ಕಾಲರನ್ನು ಸರಿಮಾಡಿ, ಬಂದ ದಾರಿಯಲ್ಲೇ ಹೊರಟಳು. ಬಾಗಿಲ ಹತ್ತಿರ ಹೋದವಳು ನಿಂತು ಹಿಂತಿರುಗಿದಳು. ನನ್ನನ್ನೇ ನೋಡುತ್ತಾ ಏನೋ ಹೇಳಿದಳು. ಸಣ್ಣ ಮಾತಲ್ಲ, ಉದ್ದದ್ದೇ. ತುಟಿ ಕೂಡಿತು, ತೆರೆಯಿತು, ಮತ್ತೆ ಕೂಡಿತು. ಕೊನೆಯಲ್ಲಿ ನಕ್ಕಳು. ಪಂಪುಗಳು ಗುಡುಗಿದವು. ನನಗೆ ಒಂದಕ್ಷರ ತಿಳಿಯಲಿಲ್ಲ.

ಶೆಡ್ಡಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗ ನನಗೆ ಹೊಳೆಯಿತು, ಈ ಜನ ಇಷ್ಟು ದಿನ ಅಗಿಯುತ್ತಿದ್ದದ್ದು ಏನನ್ನೂ ಅಲ್ಲ. ಈ ಗದ್ದಲದಲ್ಲಿ ಅವರು ಮಾತಾಡುವುದೇ ತುಟಿ ನೋಡಿ. ನಾನು ನಡುವೆ ನಿಂತು ದಿನಾ ಕೊಟ್ಟ ಗೊಣಗಿನ ಕಛೇರಿಯನ್ನು ಅವರು ಒಂದಕ್ಷರ ಬಿಡದೆ ಓದಿದ್ದಾರೆ. ನಾಚಿಕೆ ಬದಿಗಿಟ್ಟು, ಪಕ್ಕದ ಮೆಕ್ಯಾನಿಕ್ಕಿನ ತೋಳು ಹಿಡಿದು, “ಏನಂದ್ಲು ಹೇಳಪ್ಪಾ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಅವನು ಕಿವಿ ಮುಟ್ಟಿ ತೋರಿಸಿ, ಏನೂ ಕೇಳಿಸುವುದಿಲ್ಲ ಎಂಬಂತೆ ತಲೆಯಾಡಿಸಿ, ಕಣ್ಣೊರೆಸಿಕೊಳ್ಳುತ್ತ ಹೊರಟುಹೋದ.

ಮೊದಲ ಪದ ಹೇಳುವಾಗ ಅವಳ ತುಟಿ ಕೂಡಿದ್ದನ್ನು ಮಾತ್ರ ನಾನು ಸರಿಯಾಗಿ ನೋಡಿದ್ದೇನೆ. ‘ಪ’ ಇರಬೇಕು. ಕನ್ನಡಿಯ ಮುಂದೆ ನಿಂತು ನನ್ನ ತುಟಿಯಲ್ಲೇ ಹೇಳಿ ನೋಡಿದೆ. ‘ಪ್ರೀತಿ’ ಎಂದರೂ ತುಟಿ ಹಾಗೇ ಕೂಡುತ್ತದೆ, ‘ಪೆದ್ದ’ ಎಂದರೂ ಹಾಗೇ ಕೂಡುತ್ತದೆ. ಎರಡರಲ್ಲಿ ಯಾವುದು ಎಂದು ಅವಳನ್ನೇ ಮೆಲ್ಲಗೆ ಕೇಳೋಣವೆಂದರೆ, ಮನೆಯಲ್ಲಿ ಈಗ ಪಿಸುಗುಟ್ಟಿದರೂ ಅತ್ತೆಗೆ ಕೇಳಿಸುತ್ತದೆ.